ಅವರು ಬೇಡ ಅಂದಿದ್ದರು

ಜ್ಯೇಷ್ಠ ಮಾಸದಲ್ಲಿ ಒಂದು ದಿನ ನಮ್ಮ ಸಿನ್ನರ್ ಪೇಟೆಯ ವಾಹನಗಳೆಲ್ಲ ಇದ್ದಲ್ಲೇ ನಿಂತುಬಿಡುತ್ತವೆ. ತ್ರ್ಯಂಬಕೇಶ್ವರದಿಂದ ಹೊರಟ ನಿವೃತ್ತಿನಾಥರ ಪಾಲಖಿ ನಾಸಿಕ ದಾಟಿ ಸಿನ್ನರ್ ಮೇಲೆ ಹಾಯ್ದು ಪಂಢರಪುರಕ್ಕೆ ಹೋಗುತ್ತದೆ. ನಿವೃತ್ತಿನಾಥರೆಂದರೆ ಜ್ಞಾನೇಶ್ವರರ ಅಣ್ಣ, ಗುರುವೂ ಹೌದು. ಈ ಊರಿಗೆ ನಾನು ಬಂದದ್ದು 1993ರಲ್ಲಿ, ಎಂಐಡಿಸಿಯ ಒಂದು ಕಾರ್ಖಾನೆಯ ಸ್ಟೋರ್ಸ್ ವಿಭಾಗಕ್ಕೆ. ಆಮೇಲೆ ಲೆಕ್ಕಪತ್ರ ವಿಭಾಗಕ್ಕೆ ದೂಡಿದರು, ಅಲ್ಲಿಯೇ ನಿವೃತ್ತನೂ ಆದೆ. ಈ ಮೂವತ್ತೆರಡು ವರ್ಷದಲ್ಲಿ ಪಾಲಖಿಯ ದಿನ ನಾನು ರಜೆ ಹಾಕದೇ ಇದ್ದದ್ದು ಎರಡೋ ಮೂರೋ ಸಲ. ಭಕ್ತಿ ಅಂತಲ್ಲ. ಚಹಾದಂಗಡಿಯ ಎದುರು ನಿಂತು ನೋಡುವುದಕ್ಕೆ.

ಆ ಅಂಗಡಿಯವನು ಬೆಳಿಗ್ಗೆಯಿಂದಲೇ ಸ್ಪೀಕರಿನಲ್ಲಿ ಭೀಮಸೇನ ಜೋಶಿಯವರ ಅಭಂಗಗಳನ್ನು ಹಚ್ಚಿರುತ್ತಾನೆ. ದೂರದಲ್ಲಿ ತಾಳದ ಸದ್ದು ಕೇಳಿತೋ, ದಿಂಡಿಯ ಮುಂದಿನ ಪತಾಕೆ ತಿರುವಿನಲ್ಲಿ ಕಂಡಿತೋ, ಕೈಯಲ್ಲಿದ್ದ ಚಹಾದ ಪಾತ್ರೆ ಕೆಳಗಿಟ್ಟು ಹೋಗಿ ಸ್ವಿಚ್ಚು ಆರಿಸುತ್ತಾನೆ. ನಡೆದು ಬರುವವರ ಹಾಡು ಶ್ರುತಿ ಬಿಟ್ಟಿರುತ್ತದೆ, ಹಲವರ ಗಂಟಲು ಕೂತಿರುತ್ತದೆ, ಮುಂದಿನ ಸಾಲು ಒಂದು ಹಾಡಿದರೆ ಹಿಂದಿನ ಸಾಲು ಅರ್ಧ ಮಾತ್ರೆ ತಡವಾಗಿ ಇನ್ನೊಂದು ಹಾಡುತ್ತದೆ. ಆ ದಿಂಡಿ ಮುಂದೆ ಹೋದ ಮೇಲೆ ಮತ್ತೆ ಭೀಮಸೇನರು. ಹೀಗೆ ದಿನಕ್ಕೆ ಇಪ್ಪತ್ತು ಸಲವಾದರೂ ಅವನು ಎದ್ದು ಹೋಗುತ್ತಾನೆ. ಹೀಗೆ ಮಾಡು ಎಂದು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಹಾಡಿದವರು ನಮ್ಮ ಗದಗಿನ ಕಡೆಯವರಪ್ಪಾ ಎಂದು ಒಮ್ಮೆ ಹೇಳಿದ್ದಕ್ಕೆ, ವಿಠೋಬನೇ ನಿಮ್ಮ ಕಡೆಯವನಂತೆ, ಇನ್ನು ಹಾಡಿದವರದೇನು ಬಿಡಿ ಎಂದು ನಕ್ಕ. ಜ್ಞಾನೇಶ್ವರರು ವಿಠ್ಠಲನನ್ನು ಕರ್ನಾಟಕದವನೆಂದು ಕರೆದದ್ದು ಇಲ್ಲಿಯ ಚಹಾದಂಗಡಿಗಳಿಗೂ ಗೊತ್ತು.

ಈ ವರ್ಷ ಅಲ್ಲಿ ನಿಂತಿದ್ದಾಗಲೇ ಧಾರವಾಡದಿಂದ ಗೆಳೆಯನ ಫೋನು ಬಂತು. ಒಬ್ಬ ಹಿರಿಯ ಗಾಯಕರ ಹೆಸರು ಹೇಳಿ, "ಅವರ ಮೊಮ್ಮಗಳು ಈಗ ಹಾಡಾಕ ಕಲ್ಯಾಕತ್ತಾಳ. ಅಜ್ಜನ ದನಿ ಇದ್ದ ಕ್ಯಾಸೆಟ್ಟು ಯಾರ ಹತ್ರರ ಐತೇನು ಅಂತ ಎಲ್ಲಾರನ್ನೂ ಕೇಳಾಕತ್ತಾಳ. ನೀನು ನಾಸಿಕದಾಗ ಅವರ ಹಾಡು ಕೇಳಿದ್ದೆ ಅಂತ ಹೇಳಿದ್ದೆಲ್ಲ, ಆವಾಗ ಯಾರರ ರೆಕಾರ್ಡ್ ಮಾಡಿದ್ರೇನು?" ಎಂದ.

ನಾನು "ಇಲ್ಲ, ನೆನಪಿಲ್ಲ" ಅಂದೆ.

ಸುಳ್ಳು. ನನ್ನ ಕಪಾಟಿನಲ್ಲಿ ಇಪ್ಪತ್ತೇಳು ವರ್ಷದಿಂದ ಆ ಕ್ಯಾಸೆಟ್ಟಿದೆ. ತೊಂಬತ್ತು ನಿಮಿಷದ್ದು. ಅದರ ಮೇಲೆ ಹೆಸರಿಲ್ಲ, ತಾರೀಖು ಮಾತ್ರ ಇದೆ. ಹೆಸರು ಯಾಕೆ ಬರೆಯಲಿಲ್ಲ ಎಂಬುದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಇಲ್ಲಿಯೂ ಹೆಸರು ಬರೆಯುವುದಿಲ್ಲ.

1998ರ ಜನವರಿ. ನಾಸಿಕದಲ್ಲಿ ಒಬ್ಬ ಡಾಕ್ಟರರ ಮನೆಯ ಹಜಾರದಲ್ಲಿ ಜಮಖಾನೆ ಹಾಸಿ ನಲವತ್ತು ಮಂದಿಗೆ ಬೈಠಕ್. ನಾನು ಕಾರ್ಖಾನೆಯಿಂದ ಅರ್ಧ ದಿನ ಮೊದಲೇ ಬಿಡಿಸಿಕೊಂಡು ಎಸ್‌.ಟಿ. ಬಸ್ಸು ಹಿಡಿದು ಹೋಗಿದ್ದೆ. ಅವರಿಗೆ ಆಗಲೇ ಎಪ್ಪತ್ತು ದಾಟಿತ್ತು, ಮೈಯಲ್ಲಿ ಹುಷಾರಿರಲಿಲ್ಲ. ಒಂದು ಹೊದೆದ ಶಾಲು, ಎದುರಿಗೆ ಬಿಸಿನೀರಿನ ಥರ್ಮಾಸು. ನನ್ನ ಜೋಳಿಗೆಯಲ್ಲಿ ಅಂಗೈಗಿಂತ ಸ್ವಲ್ಪ ದೊಡ್ಡದಾದ ರೆಕಾರ್ಡರು. ಅವರು ಬಂದು ಕೂತ ಮೇಲೆ ಗುಂಡಿ ಒತ್ತಿದರೆ ಸದ್ದಾಗುತ್ತದೆಂದು ತಂಬೂರಿ ಶ್ರುತಿ ಮಾಡುತ್ತಿರುವಾಗಲೇ ಒತ್ತಿಬಿಟ್ಟಿದ್ದೆ. ಅದರ ಮೇಲೆ ಕರವಸ್ತ್ರ.

ಅವರು ಕೈಮುಗಿದು ಮರಾಠಿಯಲ್ಲಿ ಒಂದು ಮಾತು ಹೇಳಿದರು. ಯಾರಾದರೂ ಮಷೀನು ತಂದಿದ್ದರೆ ದಯಮಾಡಿ ಬಂದ್ ಮಾಡಿ, ಇವತ್ತಿನದು ಇವತ್ತಿಗೇ ಮುಗಿಯಲಿ ಅಂತ. ಮುಂದಿನ ಸಾಲಿನ ಇಬ್ಬರು ತಮ್ಮ ಯಂತ್ರಗಳನ್ನು ಎತ್ತಿ ತೋರಿಸಿ ಆರಿಸಿದರು. ನಾನು ಜೋಳಿಗೆಯ ಮೇಲೆ ಕೈಯಿಟ್ಟೆ. ತೆಗೆಯಲಿಲ್ಲ.

ಪೂರಿಯಾ ಹಾಡಿದರು. ವಿಲಂಬಿತದಲ್ಲಿ ಅರ್ಧ ಗಂಟೆ ಕಳೆಯುವ ಹೊತ್ತಿಗೆ ತಾರಷಡ್ಜಕ್ಕೆ ಹೋಗುವ ಒಂದು ಕಡೆ ದನಿ ಒಡೆಯಿತು. ನಿಂತರು. ನೀರು ಕುಡಿದರು. ಮತ್ತೆ ಅದೇ ದಾರಿಯಲ್ಲಿ ಹೋದರು, ಮತ್ತೆ ಒಡೆಯಿತು. ಮೂರನೆಯ ಸಲ ಅಲ್ಲಿಗೆ ಹೋಗಲೇ ಇಲ್ಲ. ನಿಷಾದದಲ್ಲಿ ಕೂತು, ಆ ಷಡ್ಜವನ್ನು ಕೇಳುವವರೇ ಹಾಡಿಕೊಳ್ಳಲಿ ಎಂಬಂತೆ ಕಾದರು. ಹಜಾರದಲ್ಲಿ ಯಾರೋ ನಿಟ್ಟುಸಿರು ಬಿಟ್ಟದ್ದು ಟೇಪಿನಲ್ಲಿದೆ.

ನಡುವೆ ಡಾಕ್ಟರು ನನ್ನತ್ತ ತೋರಿಸಿ ಇವರು ನಿಮ್ಮ ಕನ್ನಡದವರು ಎಂದರು. ಗಾಯಕರು ನನ್ನನ್ನು ನೋಡಿ, "ಯಾವೂರು ನಿಮ್ದು?" ಅಂದರು. ಕುಂದಗೋಳದ ಹತ್ತಿರದ ನನ್ನ ಹಳ್ಳಿಯ ಹೆಸರು ಹೇಳಿದೆ. "ಅಲ್ಲಿಂದ ಇಲ್ಲೀತನಕಾ ಬಂದು ನನ್ನ ಈ ಒಡಕು ದನಿ ಕೇಳಾಕ ಕುಂತೀರಿ? ಹಂಗಾರ ನಿಮಗೊಂದು ಕೊಡಬೇಕಾತು" ಎಂದು ನಕ್ಕು ಪುರಂದರದಾಸರ ಒಂದು ಪದ ಎತ್ತಿಕೊಂಡರು. ನನಗೋಸ್ಕರ. ನನ್ನ ತೊಡೆಯ ಮೇಲಿನ ಜೋಳಿಗೆಯೊಳಗೆ ಆ ಚಕ್ರಗಳು ತಿರುಗುತ್ತಿರುವಾಗ.

ಮೂರು ವರ್ಷಕ್ಕೆ ಅವರು ತೀರಿಕೊಂಡರು. ಅವರ ದನಿಯೆಂದು ಹೊರಗೆ ಸಿಗುವುದು ಬಹಳ ಕಡಿಮೆ. ಆಕಾಶವಾಣಿಯ ಒಂದೆರಡು ಮುದ್ರಣಗಳಿವೆ, ಅಷ್ಟೆ.

ಕದ್ದದ್ದು ಎಂದು ನಾನು ಇದನ್ನು ಆಗ ತಿಳಿದಿರಲಿಲ್ಲ. ಕಲೆಯನ್ನು ಉಳಿಸುತ್ತಿದ್ದೇನೆಂದು ತಿಳಿದಿದ್ದೆ. ನಮ್ಮ ಪೀಳಿಗೆಯ ಕೇಳುಗರಿಗೆ ಇದಕ್ಕೊಂದು ಸಿದ್ಧ ಸಮರ್ಥನೆಯೂ ಇದೆ. ರೆಕಾರ್ಡಿಲ್ಲದಿದ್ದರೆ ಭೀಮಸೇನರೇ ಇರುತ್ತಿರಲಿಲ್ಲ ಎನ್ನುತ್ತೇವೆ. ಆ ಕತೆ ನಿಮಗೆಲ್ಲ ಗೊತ್ತಿದ್ದದ್ದೇ. ಗದಗಿನ ಶಾಲಾಮಾಸ್ತರರ ಮಗ ಅಂಗಡಿಯೊಂದರ ಎದುರು ಅಬ್ದುಲ್ ಕರೀಂ ಖಾನರ ಪ್ಲೇಟು ಕೇಳಿದ. ಝಿಂಝೋಟಿ ರಾಗದ ಠುಮರಿ, ಒಂದು ಮಗ್ಗುಲಿಗೆ ಮೂರು ನಿಮಿಷದ ಚಿಲ್ಲರೆ. 1933ರಲ್ಲಿ, ಹನ್ನೊಂದನೆಯ ವಯಸ್ಸಿಗೆ, ಮನೆ ಬಿಟ್ಟು ಓಡಿಹೋದ. ಟಿಕೆಟ್ಟಿಲ್ಲದೆ ರೈಲು ಹತ್ತಿ, ಹಾಡಿ ತೋರಿಸಿ ಟಿ.ಸಿ.ಗಳಿಂದ ಪಾರಾಗುತ್ತ ಪುಣೆ, ಮುಂಬಯಿ, ಗ್ವಾಲಿಯರ್ ಎಂದು ತಿರುಗಿದ. ಕೊನೆಗೆ ತಂದೆ ಜಲಂಧರಿನಲ್ಲಿ ಹಿಡಿದು ತಂದರು. ಅಷ್ಟು ದೂರ ಅಲೆದು ಹುಡುಕಿದ ಗುರು ಸಿಕ್ಕಿದ್ದು ಮನೆಯ ಹಿತ್ತಲಲ್ಲಿ ಅನ್ನಬೇಕು, ಹುಬ್ಬಳ್ಳಿಯ ಮಗ್ಗುಲಿನ ಕುಂದಗೋಳದಲ್ಲಿ. ಸವಾಯಿ ಗಂಧರ್ವರು ಅದೇ ಅಬ್ದುಲ್ ಕರೀಂ ಖಾನರ ಶಿಷ್ಯರು.

ಈ ಕತೆಯನ್ನು ನಾನೂ ಎಷ್ಟೋ ಸಲ ಹೇಳಿದ್ದೇನೆ, ನನ್ನ ಕ್ಯಾಸೆಟ್ಟಿನ ಪರವಾಗಿ ಸಾಕ್ಷಿ ಹೇಳಿಸುವಂತೆ. ಇತ್ತೀಚೆಗೆ ಯೋಚಿಸಿದರೆ ಅದು ನನ್ನ ವಿರುದ್ಧವೇ ಸಾಕ್ಷಿ ಹೇಳುತ್ತದೆ. ಮೊದಲನೆಯದಾಗಿ, ಖಾನ್ ಸಾಹೇಬರು ಆ ಪ್ಲೇಟಿಗೆ ತಾವಾಗಿ ಕೂತು ಹಾಡಿದ್ದರು. ಯಾರೂ ಅವರ ಮನೆಯ ಕಿಟಕಿಗೆ ಕೊಂಬು ಇಟ್ಟಿರಲಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಆ ಹುಡುಗ ಪ್ಲೇಟಿನ ಮುಂದೆ ಕೂತುಬಿಡಲಿಲ್ಲ. ಅದು ಅವನನ್ನು ಎಬ್ಬಿಸಿ ರೈಲು ಹತ್ತಿಸಿತು. ನನ್ನ ಕ್ಯಾಸೆಟ್ಟು ನನ್ನನ್ನು ಎಲ್ಲಿಗೂ ಕಳಿಸಲಿಲ್ಲ. ಗಾಯಕರು ಬದುಕಿದ್ದ ಆ ಮೂರು ವರ್ಷದಲ್ಲಿ ಎರಡು ಸಲ ಊರಿಗೆ ಹೋಗಿದ್ದೆ. ಅವರ ಮನೆ ನಮ್ಮೂರಿಂದ ಬಸ್ಸಿನಲ್ಲಿ ಎರಡು ತಾಸು. ಹೋಗಿ ನಮಸ್ಕಾರ ಮಾಡಿ ಬರಬಹುದಿತ್ತು. ಅವರು ಹೇಗೂ ನನ್ನ ಹತ್ತಿರ ಇದ್ದಾರಲ್ಲ ಎಂಬ ಭಾವ ಒಳಗೆಲ್ಲೋ ಇತ್ತು ಅಂತ ಈಗ ಅನ್ನಿಸುತ್ತದೆ.

ಇನ್ನೊಂದು ನಷ್ಟವೂ ಆಗಿದೆ, ಅದನ್ನು ಲೆಕ್ಕದವನಾದ ನಾನು ತಡವಾಗಿ ಗುರುತಿಸಿದೆ. ಆ ಟೇಪನ್ನು ಇನ್ನೂರು ಸಲವಾದರೂ ಕೇಳಿದ್ದೇನೆ. ಹೊರಗೆ ಹೋದ ಸ್ಕೂಟರು, ತಬಲಾದವರು ಸುತ್ತಿಗೆಯಿಂದ ತಟ್ಟಿದ್ದು, ಯಾರದೋ ಬಳೆ, ಎಲ್ಲ ಬಾಯಿಪಾಠ. ಪರಿಣಾಮವಾಗಿ ಆ ಸಂಜೆ ನನ್ನ ನೆನಪಿನಲ್ಲಿ ಉಳಿದೇ ಇಲ್ಲ. ನೆನೆಸಿಕೊಳ್ಳಲು ಕೂತರೆ ಬರುವುದು ಟೇಪು. ಮುಖ ಬರುವುದಿಲ್ಲ. ನಲವತ್ತೈದು ನಿಮಿಷಕ್ಕೆ ಒಂದು ಮಗ್ಗುಲು ಮುಗಿದು ಯಂತ್ರ ಟಕ್ಕೆಂದು ನಿಲ್ಲುತ್ತದೆಂಬ ಭಯದಲ್ಲಿ ನಾನು ಅರ್ಧ ಹೊತ್ತು ಗಡಿಯಾರ ನೋಡುತ್ತಿದ್ದೆ. ಆ ಸದ್ದು ಮುಚ್ಚಲು ಜೋರಾಗಿ ಕೆಮ್ಮಿದೆ. ಎರಡನೆಯ ಮಗ್ಗುಲು ಶುರುವಾಗುವುದೇ ನನ್ನ ಕೆಮ್ಮಿನ ಬಾಲದಿಂದ. ನಲವತ್ತು ಮಂದಿಯಲ್ಲಿ ಮೂವತ್ತೊಂಬತ್ತು ಮಂದಿ ಹಾಡು ಕೇಳಿದರು, ನಾನು ಕಾವಲು ಕಾಯ್ದೆ.

ಟೇಪು ತೀರಿದ ಮೇಲೆ ಅವರು ಭೈರವಿ ಹಾಡಿದರು. ಇಪ್ಪತ್ತು ನಿಮಿಷ ಇರಬಹುದು. ಯಂತ್ರ ನಿಂತಿತ್ತು, ಕೈ ಖಾಲಿಯಿತ್ತು. ಆ ಭೈರವಿ ಮಾತ್ರ ನನಗೆ ನೆನಪಿದೆ. ಶಾಲು ಜಾರಿದ್ದು, ಎಡಗೈ ಬೆರಳು ಗಾಳಿಯಲ್ಲಿ ಏನನ್ನೋ ಬಿಡಿಸುತ್ತಿದ್ದದ್ದು, ಎಲ್ಲ. ಅದು ಹಾಗೆಯೇ ಇತ್ತೋ, ಅಥವಾ ಪರೀಕ್ಷೆ ಮಾಡಲು ಟೇಪಿಲ್ಲವೆಂದು ಧೈರ್ಯವಾಗಿ ನಾನೇ ಕಟ್ಟಿಕೊಂಡಿದ್ದೇನೋ, ಹೇಳುವವರಿಲ್ಲ. ಈ ಅನುಮಾನವನ್ನು ಬಚ್ಚಿಟ್ಟು ಬರೆದರೆ ನೇರ ಕೇಳಿದ್ದೇ ಶ್ರೇಷ್ಠ, ಮುದ್ರಿಸಿದ್ದು ಕನಿಷ್ಠ ಎಂಬ ಹಳೆಯ ಭಾಷಣವಾಗುತ್ತದೆ. ನಾನು ಆ ಪಕ್ಷದವನಲ್ಲ. ನಮ್ಮ ನಾಸಿಕದಲ್ಲೇ ಹುಟ್ಟಿದ ಡಿ.ವಿ. ಪಲುಸ್ಕರ್ 1955ರಲ್ಲಿ, ಮೂವತ್ನಾಲ್ಕನೆಯ ವಯಸ್ಸಿಗೆ ತೀರಿಕೊಂಡರು. ನಾನಾಗ ಹುಟ್ಟಿಯೇ ಇರಲಿಲ್ಲ. ಅವರ ಪ್ಲೇಟುಗಳು ಇಲ್ಲದಿದ್ದರೆ ಅವರು ನನಗೆ ಗೋದಾವರಿ ದಂಡೆಯ ಒಂದು ಹೆಸರು ಮಾತ್ರ. ರಾತ್ರಿ ಪಾಳಿಯಿಂದ ಬಂದು ನಿದ್ದೆ ಬಾರದ ಎಷ್ಟೋ ಬೆಳಗುಗಳನ್ನು ನಾನು ಅವರೊಡನೆ ಕಳೆದಿದ್ದೇನೆ. ಅದಕ್ಕೆ ಕನಿಷ್ಠ ಅನ್ನಲು ನಾಲಿಗೆ ಹೊರಳುವುದಿಲ್ಲ.

ಹಾಗಾದರೆ ನನ್ನ ಪ್ರಶ್ನೆ ಮುದ್ರಣದ್ದಲ್ಲ, ಬೇಡವೆಂದದ್ದರದು. ಹಾಡಿದವರು ಬೇಡ ಅಂದರೆ ಆ ಮಾತಿನ ತೂಕವೆಷ್ಟು? ಎಷ್ಟು ಕಾಲದವರೆಗೆ?

ಬೇಡ ಅನ್ನುವವರು ಎಲ್ಲರೂ ಒಂದೇ ಕಾರಣಕ್ಕೆ ಅನ್ನುವುದಿಲ್ಲ. ಕೇಸರಬಾಯಿ ಕೇರ್ಕರ್ ಮುದ್ರಣದ ವಿಷಯದಲ್ಲಿ ಬಹಳ ಬಿಗಿ. ಬೇರೆಯವರು ತಮ್ಮ ಗಾಯಕಿಯನ್ನು ಎತ್ತಿಕೊಂಡಾರು ಎಂಬ ಎಚ್ಚರ ಅವರಿಗಿತ್ತೆಂದು ಹೇಳುತ್ತಾರೆ. ತಪಸ್ಸು ಮಾಡಿ ಗಳಿಸಿದ್ದನ್ನು ಕಾಯ್ದುಕೊಳ್ಳುವುದು ತಪ್ಪೇನಲ್ಲ. ತಮಾಷೆಯೆಂದರೆ ಅಂಥವರ ಒಂದು ಭೈರವಿಯೇ 1977ರಲ್ಲಿ ವಾಯೇಜರ್ ನೌಕೆಗಳ ಚಿನ್ನದ ತಟ್ಟೆಯಲ್ಲಿ ಸೇರಿ ಆಕಾಶಕ್ಕೆ ಹೋಯಿತು. ಎರಡನೆಯ ನೌಕೆ ಹಾರಿ ಎರಡು ವಾರವಾಗುವುದರೊಳಗೆ, ಅದೇ ಸೆಪ್ಟೆಂಬರಿನಲ್ಲಿ, ಕೇಸರಬಾಯಿ ತೀರಿಕೊಂಡರು. ಒಂದು ನೌಕೆ 2012ರಲ್ಲಿ ಸೂರ್ಯನ ಗಾಳಿ ತಲುಪುವ ಎಲ್ಲೆಯನ್ನೂ ದಾಟಿದೆ. ಎತ್ತಿಕೊಳ್ಳುವವರು ಯಾರೂ ಇಲ್ಲದ ಕಡೆಗೆ ಆ ದನಿ ಹೊರಟಿದೆ, ಆಕೆಗೆ ಅದು ಒಪ್ಪಿಗೆಯಾಗುತ್ತಿತ್ತೇನೋ.

ರುಮೇನಿಯಾದಲ್ಲಿ ಹುಟ್ಟಿ ಜರ್ಮನಿಯಲ್ಲಿ ಹೆಸರಾದ ಸೆರ್ಜಿಯು ಚೆಲಿಬಿದಾಕೆ ಎಂಬ ವಾದ್ಯವೃಂದದ ನಿರ್ದೇಶಕರ ಮಾತು ಬೇರೆ. ಅವರದು ತತ್ತ್ವ. ಸಂಗೀತ ಹುಟ್ಟುವುದು ಆ ಸಭಾಂಗಣದ ಆ ಗಾಳಿಯಲ್ಲಿ, ಅದನ್ನು ತೆಗೆದುಕೊಂಡು ಹೋಗಲಾಗದು ಎಂದು ನಂಬಿ ಬದುಕಿನ ಬಹುಭಾಗ ರೆಕಾರ್ಡು ಹೊರತರಲು ಬಿಡಲಿಲ್ಲ. 1996ರಲ್ಲಿ ಅವರು ತೀರಿಕೊಂಡ ಮೇಲೆ ಹೆಂಡತಿ, ಮಗ ಒಪ್ಪಿದರು; ಕಚೇರಿಗಳ ಮುದ್ರಣಗಳು ಪೆಟ್ಟಿಗೆ ಪೆಟ್ಟಿಗೆಯಾಗಿ ಬಂದವು. ಕಳ್ಳ ಪ್ರತಿಗಳು ಅದಾಗಲೇ ಮಾರುಕಟ್ಟೆಯಲ್ಲಿದ್ದವು. ನಾನೂ ಅವುಗಳಲ್ಲಿ ಕೆಲವನ್ನು ಕೇಳಿದ್ದೇನೆ. ಸಂತೋಷಪಟ್ಟಿದ್ದೇನೆ. ಆ ಸಂತೋಷದಲ್ಲಿ ತೀರಿಹೋದ ಒಬ್ಬ ಮುದುಕರ ಮಾತು ಮೀರಿದ ಪಾಲು ಇದೆಯೆಂದು ಕೇಳುವಾಗ ಹೊಳೆದಿರಲಿಲ್ಲ. ಒಡೆತನ ಹಾಡಿದವರಿಂದ ಮನೆಯವರಿಗೆ ಇಳಿದು ಬರುವುದು ಹೊಲ, ಮನೆಗಳ ವಿಷಯದಲ್ಲಿ ಸರಿ. ನಂಬಿಕೆಯೊಂದು ಹಾಗೆ ವಾರಸಿಗೆ ಇಳಿಯುತ್ತದೆಯೆ?

ಇನ್ನು ನಮ್ಮ ಗಾಯಕರದು. ಅವರು ತತ್ತ್ವ ಹೇಳಲಿಲ್ಲ, ಕಳ್ಳರ ಭಯವನ್ನೂ ಹೇಳಲಿಲ್ಲ. ಇವತ್ತಿನದು ಇವತ್ತಿಗೆ ಮುಗಿಯಲಿ ಎಂದರು. ದನಿ ಒಡೆಯುತ್ತದೆಂದು ಅವರಿಗೆ ಮೊದಲೇ ಗೊತ್ತಿತ್ತು ಎಂದು ನನ್ನ ಊಹೆ. ಪ್ರಾಯದಲ್ಲಿ ಅವರನ್ನು ಕೇಳಿದವರು ಬೇಕಾದಷ್ಟು ಜನ ಇದ್ದರು. ಅವರ ಕಿವಿಯಲ್ಲಿದ್ದ ದನಿಯ ಮೇಲೆ ಈ ದನಿ ಕೂರಬಾರದು ಎಂದಿರಬಹುದು. ಮುಪ್ಪಿನ ಈ ಲಜ್ಜೆ ನನಗೆ ಆಗ ಅರ್ಥವಾಗುತ್ತಿರಲಿಲ್ಲ. ಈಗ ಆಗುತ್ತದೆ; ಮೊಮ್ಮಗ ಮೊಬೈಲು ಹಿಡಿದು ವಿಡಿಯೋ ಮಾಡಲು ಬಂದರೆ ನಾನೂ ಹಲ್ಲಿನ ಸೆಟ್ಟು ಹುಡುಕುತ್ತೇನೆ.

ಛತ್ರಪತಿ ಸಂಭಾಜಿನಗರದ ಕಡೆ ಕಾರ್ಖಾನೆ ಕೆಲಸಕ್ಕೆ ಹೋದಾಗಲೆಲ್ಲ ಸಾಧ್ಯವಾದರೆ ದೌಲತಾಬಾದಿನ ಕೋಟೆಯ ಬುಡಕ್ಕೆ ಹೋಗಿ ಒಂದು ತಾಸು ಕೂತು ಬರುತ್ತಿದ್ದೆ. ನಮ್ಮ ಸಿನ್ನರಿಗೂ ಅದಕ್ಕೂ ನಂಟಿದೆ. ಸೇವುಣ ಯಾದವರ ಮೊದಲಿನ ರಾಜಧಾನಿ ಸಿನ್ನರ್, ಆಮೇಲಿನದು ದೇವಗಿರಿ, ಅದೇ ಈ ದೌಲತಾಬಾದು. ಅವರ ಶಾಸನಗಳಲ್ಲಿ ಕನ್ನಡದವು ಬಹಳ. ಸಿನ್ನರಿನ ಗೊಂದೇಶ್ವರದ ಕಪ್ಪು ಕಲ್ಲಿನ ಗುಡಿಯಲ್ಲಿ ಕೂತರೆ ಲಕ್ಕುಂಡಿಯ ನೆನಪಾಗುವುದು ನನ್ನ ಊರಿನ ಹಂಬಲದಿಂದ ಮಾತ್ರವಲ್ಲ ಎಂದುಕೊಂಡಿದ್ದೇನೆ. ದೇವಗಿರಿಯಲ್ಲಿ ಸಿಂಘಣನ ಆಸ್ಥಾನದಲ್ಲಿ, ಹದಿಮೂರನೆಯ ಶತಮಾನದ ಮೊದಲರ್ಧದಲ್ಲಿ, ಶಾರ್ಙ್ಗದೇವ ಸಂಗೀತರತ್ನಾಕರ ಬರೆದ. ಅವನ ಉದ್ಯೋಗ ಏನು ಗೊತ್ತೆ? ಶ್ರೀಕರಣ. ಲೆಕ್ಕಪತ್ರ. ನಮ್ಮ ವಿಭಾಗದ ಮೂಲಪುರುಷ!

ಏಳು ಅಧ್ಯಾಯಗಳಲ್ಲಿ ಅವನು ನಾದ, ರಾಗ, ಪ್ರಬಂಧ, ತಾಳ, ವಾದ್ಯ, ಕುಣಿತ, ಬರೆಯಲು ಬರುವ ಎಲ್ಲವನ್ನೂ ಬರೆದಿಟ್ಟ. ಗಾಯಕನ ದೋಷಗಳನ್ನು ಇಪ್ಪತ್ತೈದೆಂದು ಲೆಕ್ಕ ಹಾಕಿದ: ಹೆದರಿ ಹಾಡುವುದು, ನಡುಗುವುದು, ಕಾಗೆಯಂಥ ದನಿ, ಕಣ್ಣು ಮುಚ್ಚಿಕೊಳ್ಳುವುದು, ಮೂಗಿನಿಂದ ಹಾಡುವುದು ಹೀಗೆ. (ಕಣ್ಣು ಮುಚ್ಚುವುದು ದೋಷವಾದರೆ ನಮ್ಮ ಕಾಲದ ದೊಡ್ಡವರೆಲ್ಲ ನಪಾಸು.) ಇಷ್ಟೆಲ್ಲ ಇದ್ದರೂ ಆ ಆಸ್ಥಾನದಲ್ಲಿ ಒಂದು ಸಂಜೆ ಕೇಳಿದ ಹಾಡು ಹೇಗಿತ್ತೆಂದು ಇವತ್ತು ಯಾರೂ ಹಾಡಿ ತೋರಿಸಲಾರರು. ಕೋಟೆಯ ಬುಡದಲ್ಲಿ ಕೂತು ನಾನೊಂದು ಆಟ ಆಡುತ್ತಿದ್ದೆ. ಅಂದು ಆ ಸಭೆಯಲ್ಲಿ ಯಾವನೋ ಒಬ್ಬ, ಹಾಡುವವನು ಬೇಡವೆಂದರೂ ಕೇಳದೆ, ಏನೋ ಮಾಯಮಾಡಿ ಆ ದನಿ ಹಿಡಿದಿಟ್ಟಿದ್ದರೆ? ಅವನನ್ನು ಕಳ್ಳ ಅನ್ನುತ್ತಿದ್ದೆನೆ? ಇಲ್ಲ. ಅವನಿಗೊಂದು ಗುಡಿ ಕಟ್ಟಿಸಿ ಎನ್ನುತ್ತಿದ್ದೆ.

ಬಹಳ ದಿನ ಈ ಆಟ ನನಗೆ ಸಮಾಧಾನ ಕೊಟ್ಟಿತ್ತು. ಎಂಟುನೂರು ವರ್ಷದ ಹಿಂದಿನ ಕಳ್ಳನನ್ನು ಪೂಜಿಸುವವನು ಇಪ್ಪತ್ತೇಳು ವರ್ಷದ ಹಿಂದಿನವನನ್ನು ಯಾಕೆ ಬೈಯಬೇಕು? ಆದರೆ ಅದರಲ್ಲೊಂದು ಹೊಂದಾಣಿಕೆಯಾಗದ ಬಾಬ್ತಿದೆ. ಎಂಟುನೂರು ವರ್ಷದ ಹಿಂದಿನ ಗಾಯಕ ನನ್ನ ಮುಖ ನೋಡಿ ಹಾಡಿರಲಿಲ್ಲ. ನಿಮ್ಮೂರು ಯಾವುದೆಂದು ಕೇಳಿರಲಿಲ್ಲ.

ಇದನ್ನೆಲ್ಲ ಒಂದು ರಾತ್ರಿ ಮನೆಯವಳ ಮುಂದೆ ಹೇಳಿಕೊಂಡೆ. ಅವಳಿಗೆ ಪೂರಿಯಾ ಯಾವುದು ಮಾರವಾ ಯಾವುದು ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಶೇಂಗಾ ಸುಲಿಯುತ್ತ ಕೇಳಿದಳು.

"ಅವರು ಬ್ಯಾಡ ಅಂದಿದ್ದು ಮಷೀನಿಗೆ ಅಲ್ಲ, ನಿಮಗ" ಅಂದಳು.

"ಅದಕ್ಕ ಕೇಳಾಕತ್ತೇನಿ, ಕೊಡೂದು ತಪ್ಪಲ್ಲೇನು?"

"ಕೊಡೂದರ ಮಾತು ಯಾಕ? ಇಪ್ಪತ್ತೇಳು ವರ್ಷ ಇಟಗೊಂಡೀರಿ, ತಿಂಗಳಿಗೊಮ್ಮೆ ಹಚ್ಚಿ ಕೇಳೀರಿ. ಆವಾಗ ತಪ್ಪು ಅನಸಲಿಲ್ಲ. ಮತ್ತೊಬ್ಬರಿಗೆ ಕೊಡೂ ವ್ಯಾಳ್ಯಾಕ ತಪ್ಪು ನೆನಪಾತು. ಆ ಹುಡುಗಿ ಕೇಳಿದ್ರ ನಿಮ್ಮ ಕಳವು ಗೊತ್ತಾಕ್ಕತಿ ಅಂತ ಅಂಜಿಕಿ, ಅಷ್ಟ. ಅವರ ಮರ್ಯಾದಿ ಚಿಂತಿ ಅಲ್ಲ ಇದು, ನಿಮ್ಮ ಮರ್ಯಾದಿ ಚಿಂತಿ."

ಆ ರಾತ್ರಿ ನಿದ್ದೆ ಬರಲಿಲ್ಲ. ಅವಳು ಹೇಳಿದ್ದರಲ್ಲಿ ಮುಕ್ಕಾಲು ನಿಜ. ಕಾಲುಭಾಗವನ್ನು ನಾನು ಒಪ್ಪುವುದಿಲ್ಲ, ಅದನ್ನು ಹೇಳಿಬಿಡುತ್ತೇನೆ. ನಾನು ಎರಡು ಬೇರೆ ಬೇರೆ ತಪ್ಪುಗಳನ್ನು ಒಂದೇ ಖಾತೆಗೆ ಹಾಕುತ್ತಿದ್ದೆ. ಒಂದು, ಆ ಸಂಜೆ ಅವರಿಗೆ ಮಾಡಿದ್ದು. ಅವರು ನಲವತ್ತು ಮನುಷ್ಯರ ಮುಂದೆ ಹಾಡುತ್ತಿದ್ದೇನೆಂದು ನಂಬಿ ಹಾಡಿದರು. ಒಡೆಯುವ ದನಿಯನ್ನು ಮತ್ತೆ ಅದೇ ಜಾಗಕ್ಕೆ ಒಯ್ಯುವ ಧೈರ್ಯ ಆ ನಂಬಿಕೆಯಿಂದ ಬಂದದ್ದು. ನಲವತ್ತೊಂದನೆಯದೊಂದು ಕಿವಿ ಇದೆಯೆಂದು, ಅದು ಏನನ್ನೂ ಮರೆಯುವುದಿಲ್ಲವೆಂದು ತಿಳಿದಿದ್ದರೆ ಅವರು ಬಹುಶಃ ಮೇಲೆ ಹೋಗುತ್ತಲೇ ಇರಲಿಲ್ಲ, ಬುದ್ಧಿವಂತಿಕೆಯಿಂದ ಕೆಳಗೇ ಹಾಡಿ ಮುಗಿಸುತ್ತಿದ್ದರು. ಅವರ ಆ ಧೈರ್ಯವನ್ನು ನಾನು ಸುಳ್ಳು ಹೇಳಿ ಪಡೆದೆ. ಅದು ಆಗಿಹೋಗಿದೆ. ಕ್ಯಾಸೆಟ್ಟು ಸುಟ್ಟರೂ ಅದು ಆಗದೇ ಹೋಗುವುದಿಲ್ಲ, ಮೊಮ್ಮಗಳಿಗೆ ಕೊಟ್ಟರೂ ತೀರುವುದಿಲ್ಲ. ಎರಡನೆಯದು, ಈಗ ಇರುವ ಈ ಪ್ಲಾಸ್ಟಿಕ್ ಡಬ್ಬಿಯನ್ನು ಏನು ಮಾಡಬೇಕೆಂಬುದು. ಮೊದಲನೆಯದಕ್ಕೆ ಪ್ರಾಯಶ್ಚಿತ್ತವೆಂದು ಇದನ್ನು ಸುಡಲು ಹೊರಟರೆ ನನ್ನ ಮನಸ್ಸು ಹಗುರಾಗಲೆಂದು ಮತ್ತೊಬ್ಬರ ಅಜ್ಜನ ದನಿ ಸುಟ್ಟಂತೆ. ಕೊಟ್ಟು ದಾನಿಯಾದರೆ ಕಳವಿನ ಮಾಲಿನಿಂದ ಪುಣ್ಯ ಕಟ್ಟಿಕೊಂಡಂತೆ.

ತುಕಾರಾಮರ ಅಭಂಗಗಳನ್ನು ಇಂದ್ರಾಯಣಿಯಲ್ಲಿ ಮುಳುಗಿಸಿದರು, ಹದಿಮೂರು ದಿನಕ್ಕೆ ನದಿ ತಿರುಗಿ ಕೊಟ್ಟಿತು ಎಂದು ಇಲ್ಲಿ ಮಕ್ಕಳಿಗೂ ಗೊತ್ತು. ಕಟ್ಟು ತೇಲಲಿಲ್ಲ, ಊರಿನ ಜನರ ಬಾಯಲ್ಲಿದ್ದುದರಿಂದ ಉಳಿದವು ಎಂದು ಅರ್ಥ ಹೇಳುವವರೂ ಇದ್ದಾರೆ. ನನಗೆ ಆ ಅರ್ಥ ಇಷ್ಟ. ಆದರೆ ನನ್ನ ಗಾಯಕರ ಪೂರಿಯಾ ಯಾರ ಬಾಯಲ್ಲೂ ಇಲ್ಲ. ಅದನ್ನು ಬಾಯಿಗೆ ತೆಗೆದುಕೊಳ್ಳಬಲ್ಲವಳು ಒಬ್ಬಳಿದ್ದಾಳೆ, ಅವಳೇ ಕೇಳುತ್ತಿದ್ದಾಳೆ. ಕುಮಾರ ಗಂಧರ್ವರು ಹುಡುಗನಾಗಿದ್ದಾಗ ದೊಡ್ಡ ದೊಡ್ಡವರ ಪ್ಲೇಟುಗಳನ್ನು ಅಚ್ಚೊತ್ತಿದ ಹಾಗೆ ಹಾಡಿ ಸಭೆಗಳನ್ನು ಬೆರಗುಗೊಳಿಸುತ್ತಿದ್ದರಂತೆ. ಆಮೇಲೆ ಕ್ಷಯ ಬಂತು. ದೇವಾಸದಲ್ಲಿ ವರ್ಷಗಟ್ಟಲೆ ಹಾಡದೆ ಹಾಸಿಗೆಯಲ್ಲಿ ಮಲಗಿ, ಹೊರಗಿನ ಮಾಳವದ ಜನಪದ ಹಾಡು ಕೇಳುತ್ತ ಎದ್ದು ಬಂದಾಗ ಅವರ ಹಾಡು ಯಾವ ಪ್ಲೇಟಿನ ಹಾಗೂ ಇರಲಿಲ್ಲ. ಪ್ಲೇಟು ಅವರನ್ನು ಕೆಡಿಸಲಿಲ್ಲ. ಮೊಮ್ಮಗಳನ್ನು ಅಜ್ಜನ ಒಡಕು ದನಿ ಕೆಡಿಸುತ್ತದೆಂದು ತೀರ್ಮಾನಿಸಲು ನಾನು ಯಾರು?

ಮರುದಿನ ನಾಸಿಕದ ಒಂದು ಅಂಗಡಿಗೆ ಕ್ಯಾಸೆಟ್ಟು ಒಯ್ದೆ. ಅಲ್ಲಿಯ ಹುಡುಗ ಹಳೆಯ ಟೇಪುಗಳನ್ನು ಪೆನ್ ಡ್ರೈವಿಗೆ ಹಾಕಿಕೊಡುತ್ತಾನೆ. ಕಿವಿಗೆ ಹೆಡ್‌ಫೋನು ಹಾಕಿಕೊಂಡು ಶುರುವಿನ ಭಾಗ ಕೇಳಿ ನನ್ನತ್ತ ತಿರುಗಿದ. ತಂಬೂರಿಯ ಸದ್ದಿನ ಮೇಲೆ ಅವರು ಕೈಮುಗಿದು ಹೇಳಿದ ಮಾತು ಅಲ್ಲಿ ಪೂರ್ತಿ ಇದೆ. ಇದನ್ನು ಯಾರು ಕೇಳಲು ಕೂತರೂ ಮೊದಲು ಕೇಳುವುದು ಅದನ್ನೇ. "ಅಂಕಲ್, ಹಾಡು ಶುರುವಾಗುವುದು ಮೂರನೇ ನಿಮಿಷಕ್ಕೆ. ಮುಂದಿನದನ್ನು ಕಟ್ ಮಾಡಲೆ? ನಡುವಿನ ಕೆಮ್ಮನ್ನೂ ತೆಗೆಯಬಹುದು, ಎಲ್ಲ ಕ್ಲೀನ್ ಆಗುತ್ತದೆ" ಎಂದು ಮರಾಠಿಯಲ್ಲಿ ಕೇಳಿದ. ಅವನ ಬೆರಳು ಮೌಸಿನ ಮೇಲಿತ್ತು. ಒಂದು ಕ್ಷಣ ನನ್ನ ಬಾಯಿಗೆ ಹೂಂ ಬಂದಿತ್ತು ಎಂಬುದನ್ನೂ ಬರೆಯಬೇಕು.

ಬೇಡ, ಇದ್ದ ಹಾಗೇ ಇರಲಿ ಅಂದೆ. ಅವನು ಭುಜ ಕುಣಿಸಿದ.

ಗೆಳೆಯನಿಂದ ಆ ಹುಡುಗಿಯ ನಂಬರು ಪಡೆದು ಫೋನು ಮಾಡಿದೆ. ನಿಮ್ಮಜ್ಜನ ತೊಂಬತ್ತು ನಿಮಿಷ ನನ್ನ ಹತ್ತಿರ ಇದೆ ಎಂದು ಶುರುಮಾಡಲಿಲ್ಲ. ಅವರು ಬೇಡ ಅಂದಿದ್ದರು, ನಾನು ಕೇಳಲಿಲ್ಲ ಎಂದು ಶುರುಮಾಡಿದೆ. ಅವರ ಮಾತು ಟೇಪಿನಲ್ಲೇ ಇದೆ, ದನಿ ಎರಡು ಕಡೆ ಒಡೆದಿದೆ, ಇದನ್ನು ತೆಗೆದುಕೊಳ್ಳುವುದೂ ಬಿಡುವುದೂ ನಿನಗೆ ಸೇರಿದ್ದು, ಬೇಡವೆಂದರೆ ಹೇಗೆ ಹೇಳಿದರೆ ಹಾಗೆ ಮಾಡುತ್ತೇನೆ ಅಂದೆ. ಆ ಕಡೆ ಬಹಳ ಹೊತ್ತು ಮಾತಿಲ್ಲ. ನನ್ನ ತಪ್ಪಿನ ಭಾರವನ್ನು ಇಪ್ಪತ್ತೆರಡು ವರ್ಷದ ಒಂದು ಹುಡುಗಿಯ ತಲೆಯ ಮೇಲೆ ಇಟ್ಟೆನೇನೋ ಎಂದು ಆಗ ಅನ್ನಿಸಿತು. ಈಗಲೂ ಅನ್ನಿಸುತ್ತದೆ.

ಆಮೇಲೆ ಅವಳು, "ಕಾಕಾ, ನನಗ ಬ್ಯಾಡ ಅನ್ನೂ ದನೀನೂ ಗೊತ್ತಿಲ್ಲರಿ. ಅವರು ಹೋದಾಗ ನಾನು ಹುಟ್ಟಿರಲಿಲ್ಲ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ವಾಟ್ಸಾಪ್ ಮಾಡಬ್ಯಾಡ್ರಿ. ನೀವ ತಗೊಂಡು ಬರ್ರಿ. ಅಜ್ಜಿ ಇದ್ದಾಳ. ಕೇಳೂದೋ ಬಿಡೂದೋ ಆಕಿನ್ನ ಕೇಳೋಣು" ಎಂದಳು.

ಅಜ್ಜಿ ಇರುವುದು ನನಗೆ ಗೊತ್ತಿರಲಿಲ್ಲ. ಇಷ್ಟೆಲ್ಲ ಯೋಚನೆಯಲ್ಲಿ ಅವರ ಹೆಂಡತಿಯನ್ನು ಒಮ್ಮೆಯೂ ನೆನೆದಿರಲಿಲ್ಲ.

ಬರುವ ಶುಕ್ರವಾರ ಸಿನ್ನರಿನಿಂದ ಪುಣೆಯ ಬಸ್ಸು. ಸಂಗಮನೇರ್, ನಾರಾಯಣಗಾಂವ್ ಮೇಲೆ ಹೋಗುತ್ತದೆ. ಪುಣೆಯಿಂದ ರಾತ್ರಿ ಧಾರವಾಡದ ರೈಲು. ಟಿಕೆಟ್ಟು ತೆಗೆಸಿದ್ದೇನೆ. ಪೆನ್ ಡ್ರೈವಿದ್ದರೂ ಹಳೆಯ ಟೇಪ್ ರೆಕಾರ್ಡರನ್ನೂ ಚೀಲದಲ್ಲಿ ಇಟ್ಟುಕೊಂಡಿದ್ದೇನೆ, ಅಜ್ಜಿಗೆ ಗುಂಡಿ ಒತ್ತಲು ಸುಲಭವಾದೀತೆಂದು. ಅದರ ರಬ್ಬರಿನ ಬೆಲ್ಟು ಸಡಿಲಾಗಿ ದನಿ ಒಂದು ಕಾಲು ಸ್ವರ ಕೆಳಗಿಳಿದಿತ್ತು. ನಿನ್ನೆ ಪೇಟೆಯಲ್ಲೆಲ್ಲ ಹುಡುಕಿ ಕೊನೆಗೆ ರೇಡಿಯೋ ರಿಪೇರಿಯ ಒಬ್ಬ ಮುದುಕರ ಡಬ್ಬಿಯಲ್ಲಿ ಸರಿಯಾದದ್ದು ಸಿಕ್ಕಿತು. ಹದಿನೈದು ರೂಪಾಯಿ.